ಆ ಬಾವಿಯಲ್ಲಿ ರಾಣಿ ಇರಲಿಲ್ಲ

ನಮ್ಮ ಚರಿತ್ರೆ ಮೇಷ್ಟ್ರ ಬಲಗೈ ಹೆಬ್ಬೆರಳು ಚಪ್ಪಟೆಯಾಗಿತ್ತು. ಅದರ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಪುಡಿ ಕೂತಿರುತ್ತಿತ್ತು. ಹೊಸದಾಗಿ ನೋಡಿದವರು ಸೀಮೆಸುಣ್ಣ ಅಂದುಕೊಳ್ಳುತ್ತಿದ್ದರು. ಅದು ಅಕ್ಕಿ ಹಿಟ್ಟು. ಸವೆದುಹೋದ ಶಾಸನದ ಮೇಲೆ ಹಿಟ್ಟು ಉದುರಿಸಿ ಹೆಬ್ಬೆರಳಿನಿಂದ ಒತ್ತಿ ಉಜ್ಜಿದರೆ ಅಕ್ಷರದ ಗೀರುಗಳಲ್ಲಿ ಹಿಟ್ಟು ನಿಲ್ಲುತ್ತದೆ. ಮೇಲಿನದನ್ನು ಊದಿಬಿಟ್ಟರೆ ಕಪ್ಪು ಕಲ್ಲಿನ ಮೇಲೆ ಬಿಳಿ ಸಾಲು ಎದ್ದು ಕಾಣುತ್ತದೆ. ಜೀವನಪೂರ್ತಿ ಆ ಕೆಲಸ ಮಾಡಿ ಅವರ ಬೆರಳು ಹಾಗಾಗಿತ್ತು.

ಅವರು ಹೋಗಿ ಒಂದು ವರ್ಷವಾಯಿತು. ನನ್ನ ಸಿಟ್ಟು ಮಾತ್ರ ಹೋಗಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಎಂದು ಕಾದೆ. ಅದು ಇಳಿಯುವ ಸಿಟ್ಟಲ್ಲ ಎಂದು ಗೊತ್ತಾದ ಮೇಲೆ ಕೂತು ಬರೆಯುತ್ತಿದ್ದೇನೆ.

ಜಾವಗಲ್ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ಚರಿತ್ರೆ ಹೇಳುತ್ತಿದ್ದರು, ನಾನು ಡ್ರಿಲ್ ಮಾಡಿಸುತ್ತಿದ್ದೆ. ಇಬ್ಬರಿಗೂ ಒಂದೇ ಸ್ಟಾಫ್ ರೂಮು, ಅಕ್ಕಪಕ್ಕದ ಕುರ್ಚಿ. ಸ್ವಭಾವ ಮಾತ್ರ ಎಣ್ಣೆ ನೀರು. ನನಗೆ ಎಲ್ಲವೂ ಗಂಟೆಗೆ ಸರಿಯಾಗಿ ಆಗಬೇಕು, ಸಾಲು ನೆಟ್ಟಗಿರಬೇಕು. ಅವರು ಪಾಠ ಮಾಡುತ್ತಾ ಮಾಡುತ್ತಾ ಮಕ್ಕಳನ್ನು ಎಬ್ಬಿಸಿಕೊಂಡು ಊರಾಚೆಯ ಪಾಳು ಗುಡಿಗೆ ಹೋಗಿಬಿಡುತ್ತಿದ್ದರು. ಮುಂದಿನ ಪೀರಿಯಡ್ಡು ನನ್ನದಾಗಿರುತ್ತಿತ್ತು. ಖಾಲಿ ಮೈದಾನದಲ್ಲಿ ಸೀಟಿ ಹಿಡಿದು ನಿಂತ ನನ್ನನ್ನು ನೋಡಿ, ವಾಪಸು ಬರುವಾಗ ದೂರದಿಂದಲೇ ಕೂಗುತ್ತಿದ್ದರು: "ಬೈಬೇಡ್ರೀ ಡ್ರಿಲ್ ಮೇಷ್ಟ್ರೇ, ಎರಡು ಮೈಲಿ ನಡೆಸಿವ್ನಿ. ನಿಮ್ಮ ಕೆಲಸಾನೇ ಮಾಡಿವ್ನಿ."

ಅವರು ಅರಸೀಕೆರೆಯವರು. ಕಾಲೇಜು ಓದಿದ್ದರೂ ಮಾತು ಊರಿನದೇ. ಬೋರ್ಡಿನ ಮೇಲೆ ಬರೆದರೆ ಅಚ್ಚುಕಟ್ಟಾದ ಕನ್ನಡ, ಬಾಯಿ ಬಿಟ್ಟರೆ ಐತೆ, ಬತ್ತೀನಿ.

ಪ್ರತಿ ವರ್ಷ ಡಿಸೆಂಬರಿನ ಎರಡನೇ ಶನಿವಾರ ಒಂಬತ್ತನೇ ತರಗತಿಯ ಪ್ರವಾಸ. ಬೆಳಿಗ್ಗೆ ಐದೂವರೆಗೆ ಬಸ್ಸು ಹೊರಡಬೇಕು, ಅದು ನನ್ನ ಜವಾಬ್ದಾರಿ. ಎಲ್ಲಿಗೆ ಹೋಗಬೇಕು ಎನ್ನುವುದು ಅವರದು. ಮೊದಲು ಹಳೇಬೀಡು, ಆಮೇಲೆ ಬೇಲೂರು, ಅಲ್ಲಿಂದ ಘಟ್ಟ ಇಳಿದು ಕಡಲ ದಂಡೆಯ ಒಂದು ಕೋಟೆ. ನಮ್ಮ ಮಕ್ಕಳಲ್ಲಿ ಹೆಚ್ಚಿನವರು ಕೆರೆಗಿಂತ ದೊಡ್ಡ ನೀರನ್ನು ನೋಡಿದವರಲ್ಲ. ಕಡಲು ಕಂಡ ತಕ್ಷಣ ಬಸ್ಸಿನ ಒಂದೇ ಪಕ್ಕಕ್ಕೆ ಎಲ್ಲರೂ ನುಗ್ಗುತ್ತಿದ್ದರು. ಡ್ರೈವರು ನನ್ನನ್ನು ಬೈಯುತ್ತಿದ್ದ, ನಾನು ಮಕ್ಕಳನ್ನು ಬೈಯುತ್ತಿದ್ದೆ, ಚರಿತ್ರೆ ಮೇಷ್ಟ್ರು ತಾವೂ ಆ ಪಕ್ಕಕ್ಕೇ ಹೋಗಿ ನಿಂತಿರುತ್ತಿದ್ದರು.

ಹಳೇಬೀಡಿನಲ್ಲಿ ಅವರು ರಾಜರ ವಿಷಯ ಎತ್ತುತ್ತಿರಲಿಲ್ಲ. ಬಗ್ಗಿ, ಒಂದು ವಿಗ್ರಹದ ಪಾದದ ಕೆಳಗೆ ಬೆರಳಿಟ್ಟು, "ಇಲ್ಲಿ ನೋಡ್ರೋ, ಕೆತ್ತಿದವನು ಹೆಸರು ಹಾಕವ್ನೆ. ರಾಜನ ಹೆಸರು ನಿಮ್ಮ ಪುಸ್ತಕದಲ್ಲಿ ಐತೆ. ಇವನ ಹೆಸರು ಇಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲ. ಓದ್ರಿ," ಎನ್ನುತ್ತಿದ್ದರು. ಮಕ್ಕಳು ಕೂಡಿಸಿ ಕೂಡಿಸಿ ಓದುತ್ತಿದ್ದರು. ನಾನು ಗಡಿಯಾರ ನೋಡುತ್ತಿದ್ದೆ.

ಕೋಟೆಗೆ ಬಂದರೆ ಅವರು ಬೇರೆ ಮನುಷ್ಯ. ಮೂರು ಕಡೆ ಕಡಲು, ಒಂದು ಕಡೆ ನೆಲ, ತೂತು ತೂತಿನ ಕೆಂಪು ಮುರಕಲ್ಲಿನ ಗೋಡೆ. ಆಗ ಅಲ್ಲಿ ಗೇಟಿಲ್ಲ, ಟಿಕೆಟ್ಟಿಲ್ಲ. ಮೀನುಗಾರರು ಒಳಗೆ ಬಲೆ ಒಣಗಿಸುತ್ತಿದ್ದರು. ಮಕ್ಕಳನ್ನು ಬುರುಜಿನ ನೆರಳಿನಲ್ಲಿ ಕೂರಿಸಿ ಮೇಷ್ಟ್ರು ಕೋಟೆಯ ಚರಿತ್ರೆಯನ್ನು ಐದು ನಿಮಿಷದಲ್ಲಿ ಮುಗಿಸುತ್ತಿದ್ದರು. ಒಬ್ಬ ನಾಯಕ ಕಟ್ಟಿಸಿದ. ಹಡಗಿನಲ್ಲಿ ಬಂದವರು ಕಿತ್ತುಕೊಂಡರು. ಘಟ್ಟದ ಮೇಲಿನವರು ಇಳಿದು ಬಂದು ಬಿಡಿಸಿಕೊಂಡರು. ಕುಂಪಣಿಯವರು ಬಂದು ಉಪ್ಪಿನ ಉಗ್ರಾಣ ಮಾಡಿದರು. ಆಮೇಲೆ ಯಾರಿಗೂ ಬೇಡವಾಯಿತು. "ಇದು ಪರೀಕ್ಷೆಗೆ. ಈಗ ನನ್ನ ಪ್ರಶ್ನೆ. ಸುತ್ತಾ ಉಪ್ಪುನೀರು. ಇವರೆಲ್ಲಾ ಕುಡಿದಿದ್ದು ಏನನ್ನ?"

ಅದಕ್ಕೆ ಉತ್ತರ, ಕೋಟೆಯ ನಡುವಿನ ಬಾವಿ. ಆಳವಾದ, ಚೌಕದ ಬಾವಿ. ಕಡಲಿನಿಂದ ಇನ್ನೂರು ಹೆಜ್ಜೆ ಕೂಡ ಇಲ್ಲ, ನೀರು ಮಾತ್ರ ಸಿಹಿ. ಅದರ ಪಕ್ಕದಲ್ಲಿ ಒಂದು ಕಪ್ಪು ಚಪ್ಪಡಿ. ಮೊದಲ ಸಲ ಹೋದಾಗ ಅದರ ಮೇಲೆ ಒಬ್ಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ಓರೆ ಬಿಸಿಲಿನಲ್ಲಿ ಅದರ ಮೇಲೆ ಗೀರುಗಳಿರುವುದು ಮೇಷ್ಟ್ರ ಕಣ್ಣಿಗೆ ಬಿತ್ತು. "ಅಮ್ಮಾ, ಸ್ವಲ್ಪ ಏಳ್ತೀರಾ? ಇದ್ರಲ್ಲಿ ಬರೆದೈತೆ," ಎಂದರು. ಆಕೆ ಸೊಂಟಕ್ಕೆ ಕೈಯಿಟ್ಟು, "ಎಂತ ಬರೆದುಂಟು? ನಮ್ಮ ಅಜ್ಜಿ ಕಾಲದಿಂದ ಒಗೆಯುವ ಕಲ್ಲು ಮಾರಾಯ್ರೇ!" ಎಂದಳು. ಒದ್ದೆ ಬಟ್ಟೆಯನ್ನು ಮೇಷ್ಟ್ರ ಕೈಗೇ ಕೊಟ್ಟು ಎದ್ದಳು. ಅವರು ಅದನ್ನು ಹಿಡಿದುಕೊಂಡೇ ಮಂಡಿಯೂರಿದರು.

ಆ ಸಲ ಹಿಟ್ಟು ತಂದಿರಲಿಲ್ಲ. ಮುಂದಿನ ವರ್ಷ ಹಿಟ್ಟು ತರುವ ಕೆಲಸ ನನಗೆ ವಹಿಸಿದರು. ಒಂದು ಸೇರು ಹಿಟ್ಟು ಎಂದು ಹೇಳಿದ್ದರು. ನಾನು ಪಟ್ಟಿ ಮಾಡಿಕೊಂಡು, ಗಂಟು ಕಟ್ಟಿ, ಮೇಲೆ ಚೀಟಿ ಅಂಟಿಸಿ ಒಯ್ದೆ. ನಮ್ಮ ಕಡೆ ಹಿಟ್ಟು ಎಂದರೆ ರಾಗಿ ಹಿಟ್ಟು, ಬೇರೆ ಹಿಟ್ಟು ನನ್ನ ತಲೆಗೇ ಹೊಳೆಯಲಿಲ್ಲ. ಕಲ್ಲಿನ ಮುಂದೆ ಗಂಟು ಬಿಚ್ಚಿದ ಮೇಷ್ಟ್ರು ಆದರೂ ಒಂದು ಹಿಡಿ ಉದುರಿಸಿ ಉಜ್ಜಿದರು. ಕಪ್ಪು ಕಲ್ಲಿನ ಮೇಲೆ ರಾಗಿ ಹಿಟ್ಟು ಉಜ್ಜಿದರೆ ಏನು ಕಾಣುತ್ತದೆ? ಒಗೆಯುವ ಕಲ್ಲಾದ್ದರಿಂದ ಹಸಿಯಾಗಿತ್ತು ಬೇರೆ, ಹಿಟ್ಟು ಕಲೆಸಿದಂತಾಯಿತು. "ಶಾಸನ ಓದಾಕೆ ಬಂದಿದ್ದೀವೋ, ಮುದ್ದೆ ಕಟ್ಟಾಕೆ ಬಂದಿದ್ದೀವೋ ಡ್ರಿಲ್ ಮೇಷ್ಟ್ರೇ?" ಎಂದರು. ಎಪ್ಪತ್ತು ಮಕ್ಕಳು ಒಟ್ಟಿಗೆ ನಕ್ಕರು. ನನ್ನ ಸರ್ವೀಸಿನಲ್ಲಿ ಮಕ್ಕಳು ನನ್ನನ್ನು ನೋಡಿ ನಕ್ಕದ್ದು ಅದೊಂದೇ ಸಲ. ಕಡೆಗೆ ಅದೇ ಮುದುಕಿ ಮನೆಯಿಂದ ಅಕ್ಕಿ ಹಿಟ್ಟು ತಂದುಕೊಟ್ಟಳು.

ಕಲ್ಲು ಓದಿಸಿಕೊಂಡಿತು. ಅದರಲ್ಲಿದ್ದದ್ದು ಇಷ್ಟು: ಕೋಟೆಯಲ್ಲಿ ತೋಡಿದ ಬಾವಿಗಳೆಲ್ಲ ಉಪ್ಪಾದವು. ಆಗ ಘಟ್ಟದ ಮೇಲಿನ ಜಾವಗಲ್ ಸೀಮೆಯಿಂದ ಬಾವಿ ತೋಡುವ ಏಳು ಜನರನ್ನು ಕರೆಸಿದರು. ಅವರು ಸಿಹಿನೀರು ಕಂಡರು. ನೀರು ಕಂಡ ದಿನವೇ ಪಕ್ಕದ ಮಣ್ಣು ಕುಸಿದು ಏಳೂ ಜನ ಅಲ್ಲೇ ಉಳಿದರು. ಕೆಳಗೆ ಏಳು ಹೆಸರು. ಕಲ್ಲು ಹಾಕಿಸಿದವನ ಹೆಸರಿಲ್ಲ.

ಮೇಷ್ಟ್ರು ಎದ್ದು ನಿಂತರು. ಅವರ ಮಂಡಿಯ ಮೇಲೆ ಹಿಟ್ಟು. "ಒಣಭೂಮಿಯವರಿಗೆ ನೀರು ಹುಡುಕೋದು ಗೊತ್ತು ಕಣ್ರೋ. ಅದಕ್ಕೇ ಕರೆಸವ್ರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಹಾಜರಿ ಪುಸ್ತಕ ಕೊಡಿ," ಎಂದು ಕೇಳಿದರು.

ಅವತ್ತು ಶುರುವಾದ ಪದ್ಧತಿ ಅವರು ನಿವೃತ್ತರಾಗುವವರೆಗೂ ನಡೆಯಿತು. ಬಾವಿಯ ಸುತ್ತ ಮಕ್ಕಳು ನಿಲ್ಲಬೇಕು. ಮೇಷ್ಟ್ರು ಪ್ರವಾಸದ ಹಾಜರಿ ಪುಸ್ತಕ ತೆರೆದು ಮೊದಲು ಕಲ್ಲಿನ ಏಳು ಹೆಸರನ್ನು ಕೂಗಬೇಕು. ಮಾರ, ಕೆಂಚ, ಬೋರ, ಚೌಡ, ನಿಂಗ, ತಿಮ್ಮ, ಕಾಳ. ಒಂದೊಂದು ಹೆಸರಿಗೂ ಎಲ್ಲ ಮಕ್ಕಳೂ ಸೇರಿ "ಹಾಜರ್ ಸಾರ್!" ಅನ್ನಬೇಕು. ಮೊದಲ ಸಲ ಯಾರೋ ಕಿಸಕ್ಕೆಂದರು. ಮೇಷ್ಟ್ರು ರೇಗಲಿಲ್ಲ. "ನಗಬೇಡ ಕಣೋ. ನಿಮ್ಮ ಮುತ್ತಾತನ ಮುತ್ತಾತ ಇದ್ರೂ ಇರಬೌದು. ಯಾರೂ ಕೂಗದೆ ಬಾಳಾ ವರ್ಷ ಆಯ್ತು," ಎಂದರು. ಆಮೇಲೆ ಯಾರೂ ನಗಲಿಲ್ಲ. ಕೋಟೆಯ ಗೋಡೆಗೆ ಬಡಿದು "ಹಾಜರ್ ಸಾರ್" ತಿರುಗಿ ಬರುತ್ತಿತ್ತು.

ಇನ್ನು ನನ್ನ ವಿಷಯ ಹೇಳಬೇಕು. ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ.

ಒಂದು ವರ್ಷ ಮೇಷ್ಟ್ರು ಆ ಮುದುಕಿಯ ಗುಡಿಸಲಿಗೆ ಹಿಟ್ಟಿಗೆಂದು ಹೋಗಿದ್ದರು. ಅಷ್ಟರಲ್ಲಿ ಮಕ್ಕಳು ಸಾಲು ಮುರಿದು ಬಾವಿಯ ಕಟ್ಟೆಗೆ ಜೋತುಬಿದ್ದರು. ಕಟ್ಟೆ ಗಿಡ್ಡ, ಬಾವಿ ಆಳ. ಸೀಟಿ ಊದಿದೆ, ಯಾರೂ ಕೇಳಲಿಲ್ಲ. ಆಗ ಬಾಯಿಗೆ ಬಂದದ್ದನ್ನು ಹೇಳಿದೆ: "ಈ ಬಾವೀಲಿ ಒಬ್ಬ ರಾಣಿ ಬಿದ್ದು ಸತ್ತಿದ್ದಾಳೆ. ಹಸಿರು ಸೀರೆ. ಒಂದೇ ಕಾಲಲ್ಲಿ ಗೆಜ್ಜೆ. ಸಾಲು ಮುರಿದವರನ್ನ ಎಳ್ಕೋತಾಳೆ." ಎಪ್ಪತ್ತು ಮಕ್ಕಳು ಒಂದೇ ಕ್ಷಣದಲ್ಲಿ ಸಾಲಾದರು. ಅಷ್ಟು ನೆಟ್ಟಗಿನ ಸಾಲನ್ನು ನಾನು ಮೈದಾನದಲ್ಲೂ ಕಂಡಿರಲಿಲ್ಲ.

ಮೇಷ್ಟ್ರಿಗೆ ಅದು ಗೊತ್ತಾಗದೆ ಇರಲಿಲ್ಲ. ವಾಪಸು ಬರುವಾಗ ಅರೇಹಳ್ಳಿಯಲ್ಲಿ ಟೀ ಕುಡಿಯಲು ಬಸ್ಸು ನಿಂತಿತ್ತು. ಅವರು ಲೋಟ ಹಿಡಿದುಕೊಂಡು ಹತ್ತಿರ ಬಂದರು.

"ಒಂದು ಹೆಂಗಸನ್ನ ಬಾವಿಗೆ ತಳ್ಳಿದ್ರಂತೆ?"

"ಮಕ್ಕಳು ಬೀಳೋ ಹಾಗಿದ್ರು ಸಾರ್. ಹೆದರಿಸಿದೆ."

"ತಳ್ಳೋದೇನೋ ತಳ್ಳಿದ್ರಿ. ಎತ್ತೋರು ಯಾರು?"

"ನಾಳೆ ಮರೀತಾರೆ ಬಿಡಿ ಸಾರ್."

"ನಾನು ಹೇಳಿದ್ದು ಮರೀತಾರೆ," ಎಂದರು ಮೇಷ್ಟ್ರು. "ನೀವು ಹೇಳಿದ್ದು ಮರೆಯಾಕಿಲ್ಲ."

ನಾನು ನಕ್ಕೆ. ಆ ಕಥೆ ಹೇಳುವುದನ್ನು ನಿಲ್ಲಿಸಲೂ ಇಲ್ಲ. ಕೆಲಸ ಮಾಡಿದ ಉಪಾಯವನ್ನು ಬಿಡುವ ಅಭ್ಯಾಸ ನನಗಿರಲಿಲ್ಲ. ಅವರು ಮರೆಯಾದಾಗಲೆಲ್ಲ, ವರ್ಷ ವರ್ಷವೂ, ಆ ರಾಣಿಯನ್ನು ಬಾವಿಗೆ ಇಳಿಸಿದೆ.

ನಾವಿಬ್ಬರೂ ನಿವೃತ್ತರಾದೆವು. ಮೇಷ್ಟ್ರು ಅರಸೀಕೆರೆಗೆ ಹೋದರು. ತಿಂಗಳಿಗೊಂದು ಕಾರ್ಡು ಬರೆಯುತ್ತಿದ್ದರು. ಮೂರು ವರ್ಷದ ಕೆಳಗೆ ಕಾರ್ಡಿನಲ್ಲಿ ಒಂದೇ ಸಾಲು: 'ನಮ್ಮ ಕೋಟೆಗೆ ಟಿಕೆಟ್ ಬಂದಿದೆಯಂತೆ, ನೋಡಿಬರೋಣ.'

ಹೋದೆವು. ಬಲೆಗಳಿಲ್ಲ, ಮೀನುಗಾರರಿಲ್ಲ. ಅವರನ್ನೆಲ್ಲ ಎಬ್ಬಿಸಿ ಎಲ್ಲಿಗೋ ಕಳಿಸಿದ್ದರು. ಮುರಕಲ್ಲಿನ ಗೋಡೆಗೆ ಬಣ್ಣ ಬಳಿದಿದ್ದರು. ಕಲ್ಲಿಗೆ ಕಲ್ಲಿನ ಬಣ್ಣ ಬಳಿಯುವ ಮೂರ್ಖತನವನ್ನು ಅಲ್ಲಿಯೇ ಮೊದಲು ನೋಡಿದೆ. ಬುರುಜಿನ ಕೆಳಗೆ ಐಸ್‌ಕ್ರೀಮ್ ಅಂಗಡಿ. ಫಿರಂಗಿಯ ಬಾಯಿಗೆ ಪ್ಲಾಸ್ಟಿಕ್ ಹೂವು. ಸಂಜೆಗೆ ಧ್ವನಿ ಮತ್ತು ಬೆಳಕಿನ ಪ್ರದರ್ಶನ. ಕುರ್ಚಿ ಹಾಕಿದ್ದರು, ಕೂತೆವು.

ನೀಲಿ ಬೆಳಕು ಬಾವಿಯ ಮೇಲೆ ಬಿತ್ತು. ಗಂಭೀರ ಧ್ವನಿಯೊಂದು ಶತ್ರುಗಳು ಕೋಟೆಗೆ ನುಗ್ಗಿದ್ದನ್ನು ಹೇಳಿತು. ಮಾನ ಉಳಿಸಿಕೊಳ್ಳಲು ಮಹಾರಾಣಿ ಓಡಿ ಬಂದಳಂತೆ. ಹಸಿರು ಸೀರೆ. ಓಡುವಾಗ ಒಂದು ಕಾಲಿನ ಗೆಜ್ಜೆ ಕಳಚಿ ಬಿತ್ತಂತೆ. ಧ್ವನಿವರ್ಧಕದಲ್ಲಿ ಒಂಟಿ ಗೆಜ್ಜೆಯ ಸದ್ದು, ಆಮೇಲೆ ನೀರಿಗೆ ಬಿದ್ದ ಸದ್ದು. ಜನ ಚಪ್ಪಾಳೆ ತಟ್ಟಿದರು.

ಮೇಷ್ಟ್ರು ಕತ್ತಲಲ್ಲಿ ನನ್ನ ಮಂಡಿಯ ಮೇಲೆ ಕೈಯಿಟ್ಟರು. "ನಿಮ್ಮ ಹುಡುಗಿ ಚೆನ್ನಾಗಿ ಬೆಳೆದವ್ಳೆ ಕಣ್ರೀ," ಎಂದರು.

ಬೆಳಿಗ್ಗೆ ಗೇಟು ತೆರೆಯುತ್ತಿದ್ದಂತೆ ಕಲ್ಲು ಹುಡುಕಲು ಹೋದೆವು. ಬಾವಿಗೆ ಕಬ್ಬಿಣದ ಜಾಲರಿ, ಪಕ್ಕದಲ್ಲಿ 'ರಾಣಿ ಬಾವಿ' ಎಂಬ ಹಿತ್ತಾಳೆ ಫಲಕ. ಚಪ್ಪಡಿ ಇದ್ದ ಜಾಗದಲ್ಲಿ ಇರಲಿಲ್ಲ. ಸುತ್ತಿ ಸುತ್ತಿ ಕಡೆಗೆ ಮೇಷ್ಟ್ರೇ ಕಂಡುಹಿಡಿದರು. ಬಾವಿಯ ಹಿಂದೆ, ಜನ ಹತ್ತಿ ನಿಂತು ಫೋಟೋ ತೆಗೆಸಿಕೊಳ್ಳಲು ಒಂದು ಕಟ್ಟೆ ಕಟ್ಟಿದ್ದರು. ಅದರ ಎರಡನೇ ಮೆಟ್ಟಿಲು ನಮ್ಮ ಕಲ್ಲು. ಅಕ್ಷರ ಮೇಲ್ಮುಖವಾಗಿತ್ತು. ಒಂದು ಅಂಚು ಸಿಮೆಂಟಿನಲ್ಲಿ ಹೂತಿತ್ತು.

ಮೇಷ್ಟ್ರು ಚೀಲದಿಂದ ಅಕ್ಕಿ ಹಿಟ್ಟಿನ ಪೊಟ್ಟಣ ತೆಗೆದು, ಎಂಬತ್ತರ ಮಂಡಿಯನ್ನು ಕಷ್ಟಪಟ್ಟು ಮಡಚಿ ಕೂತರು. ಉಜ್ಜಿದರು. ಮಾರ, ಕೆಂಚ, ಬೋರ, ಚೌಡ. ಉಳಿದ ಮೂವರು ಸಿಮೆಂಟಿನ ಕೆಳಗೆ.

ಕಾವಲುಗಾರ ಓಡಿ ಬಂದ. "ಹೋಯ್ ಅಜ್ಜ, ಇಲ್ಲಿ ರಂಗೋಲಿ ಹಾಕುದಲ್ಲ! ಕ್ಲೀನ್ ಮಾಡಿ ಆಗಿದೆ!"

"ರಂಗೋಲಿ ಅಲ್ಲಪ್ಪಾ. ಹೆಸರು," ಎಂದರು ಮೇಷ್ಟ್ರು.

ಪ್ರದರ್ಶನದ ಗುತ್ತಿಗೆ ಹಿಡಿದವರನ್ನು ಕರೆಸು ಎಂದು ನಾನು ಗದರಿದೆ. ಬಂದವನನ್ನು ನೋಡಿ ನನಗೆ ಗುರುತು ಸಿಗಲಿಲ್ಲ. ಅವನಿಗೆ ಸಿಕ್ಕಿತು. ಕಪ್ಪು ಕನ್ನಡಕ ತೆಗೆದು ನೇರ ನನ್ನ ಕಾಲಿಗೆ ಬಿದ್ದ. "ಸಾರ್! ಡ್ರಿಲ್ ಸಾರ್! ನಾನು ಸಾರ್, ಗೆಂಡೆಹಳ್ಳಿಯಿಂದ ಬಂದು ಹಾಸ್ಟೆಲ್‌ನಲ್ಲಿದ್ದೆ, ಕೊನೇ ಸಾಲು!" ಸುತ್ತ ಇದ್ದವರಿಗೆಲ್ಲ ಹೇಳಿದ: "ಈ ರಾಣಿ ಕಥೆ ಇವರದ್ದೇ ಕಣ್ರೀ. ನಾವು ಚಿಕ್ಕವರಿದ್ದಾಗ ಇದೇ ಜಾಗದಲ್ಲಿ ನಿಲ್ಲಿಸಿ ಹೇಳಿದ್ರು. ಇವತ್ತಿಗೂ ಮೈ ಜುಂ ಅನ್ನುತ್ತೆ!"

ಮೇಷ್ಟ್ರು ನೆಲದ ಮೇಲಿಂದಲೇ ತಲೆ ಎತ್ತಿ ಕೇಳಿದರು: "ಹಾಜರಿ ನೆನಪೈತೇನಪ್ಪಾ?"

"ಯಾವ ಹಾಜರಿ ಸಾರ್?"

ಮೇಷ್ಟ್ರು ಮತ್ತೆ ಕಲ್ಲಿಗೆ ಬಗ್ಗಿ ಉಜ್ಜತೊಡಗಿದರು. ಮಾತಾಡಿದ್ದು ನಾನು. ಅದು ನಾನು ಹೇಳಿದ ಸುಳ್ಳು, ಸಾಲು ನಿಲ್ಲಿಸಲು ಹೇಳಿದ ಸುಳ್ಳು, ಈಗಲೇ ಫಲಕ ಕಿತ್ತು ಹಾಕು, ಈ ಕಲ್ಲನ್ನು ಎತ್ತಿ ಬಾವಿಯ ಪಕ್ಕ ನಿಲ್ಲಿಸು ಎಂದು ಕೂಗಿದೆ. ಅವನು ನಗುತ್ತಲೇ ಇದ್ದ, ಹಿರಿಯರ ಮುಂದೆ ನಗುವ ನಗೆ. "ಸಾರ್, ನೀವು ಬೇಜಾರು ಮಾಡ್ಕೋಬಾರ್ದು. ಏಳು ಜನ ಕೂಲಿಯವರು ಮಣ್ಣು ಕುಸಿದು ಸತ್ರು ಅಂದ್ರೆ ಯಾರು ಸಾರ್ ಬರ್ತಾರೆ? ಜನಕ್ಕೆ ರಾಣಿ ಬೇಕು. ಕಲ್ಲು ಎತ್ತಬೇಕು ಅಂದ್ರೆ ಟೂರಿಸಂ ಆಫೀಸಿಂದ ಒಂದು ಕಾಗದ ತನ್ನಿ, ನಾನೇ ನಿಂತು ಎತ್ತಿಸ್ತೀನಿ."

ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನಾನು ಬೈಗುಳಕ್ಕೆ ಸಿದ್ಧನಾಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಬೇಲೂರು ದಾಟಿದ ಮೇಲೆ ಒಂದೇ ಮಾತು ಹೇಳಿದರು: "ನೀವೊಬ್ಬರೇ ಅಲ್ಲ ಬಿಡ್ರಿ. ಇಪ್ಪತ್ತು ವರ್ಷ ಹಾಜರಿ ಕೂಗಿಸಿದೆ. ನನ್ನ ಪಾಠ ಗಟ್ಟಿಯಾಗಿದ್ದಿದ್ರೆ ನಿಮ್ಮ ಒಂದು ಸುಳ್ಳಿಗೆ ಬೀಳ್ತಿರಲಿಲ್ಲ." ತನ್ನ ತಪ್ಪಲ್ಲದ್ದರಲ್ಲಿ ಪಾಲು ಕೇಳುವ ಆ ಮನುಷ್ಯನ ಮೇಲೂ ಆಗ ನನಗೆ ಸಿಟ್ಟು ಬಂತು.

ಅವರಿಗೆ ಬೇಕಾಗಿದ್ದದ್ದು ಒಂದೇ. ತಾವು ಹೋಗುವುದರೊಳಗೆ ಆ ಕಲ್ಲು ಕಾಲಡಿಯಿಂದ ಏಳಬೇಕು. ಆ ಆಫೀಸಿಗೆ ಕಾಗದ ಬರೆದರು. ಶಾಸನದ ಪಾಠ, ಅಳತೆ, ನಕ್ಷೆ ಎಲ್ಲವನ್ನೂ ಲಗತ್ತಿಸಿದರು. ಉತ್ತರವಿಲ್ಲ. ಮತ್ತೆ ಬರೆದರು. ಮೂರನೆಯದನ್ನು ನಾನು ಬರೆದೆ. ನನ್ನ ಹೆಸರು, ಹುದ್ದೆ, ಊರು ಕೊಟ್ಟು, ರಾಣಿಯ ಕಥೆ ಪೂರ್ತಿ ನನ್ನ ಕಲ್ಪನೆ, ಆಕೆಯ ಸೀರೆಯ ಬಣ್ಣವೂ ನಾನು ಆರಿಸಿದ್ದು ಎಂದು ಒಪ್ಪಿಕೊಂಡು ಸಹಿ ಹಾಕಿದೆ.

ಅದಕ್ಕೆ ಉತ್ತರ ಬಂತು. ಎರಡು ಸಾಲು. ಸದರಿ ಬಾವಿಯಲ್ಲಿ ರಾಣಿ ಮರಣ ಹೊಂದಿರುವುದಿಲ್ಲ ಎಂಬುದಕ್ಕೆ ಸೂಕ್ತ ದಾಖಲೆ ಒದಗಿಸಬೇಕಂತೆ.

ಸುಳ್ಳು ಹೇಳಿದವನೇ ಸುಳ್ಳು ಎಂದರೆ ಸಾಲದು. ರಾಣಿ ಇದ್ದಳು ಎನ್ನುವುದಕ್ಕೆ ಯಾರೂ ಯಾವ ದಾಖಲೆಯನ್ನೂ ಕೇಳಿರಲಿಲ್ಲ. ಕಲ್ಲಿನಲ್ಲಿ ಕೊರೆದ ದಾಖಲೆ ಅವರ ಮೆಟ್ಟಿಲಲ್ಲೇ ಇತ್ತು. ಆ ಕಾಗದವನ್ನು ಅರಸೀಕೆರೆಗೆ ಒಯ್ದು ಮೇಷ್ಟ್ರಿಗೆ ಓದಿ ಹೇಳಿದಾಗ ಅವರು ಹಾಸಿಗೆಯಲ್ಲಿದ್ದರು. ಬಹಳ ಹೊತ್ತು ನಕ್ಕರು, ಕೆಮ್ಮು ಬರುವವರೆಗೆ. "ಫೈಲ್ ಮಾಡಿ ಇಡ್ರಿ," ಎಂದರು. ಆಮೇಲೆ ತಲೆದಿಂಬಿನ ಕೆಳಗಿಂದ ಹಳೆಯ ಹಾಜರಿ ಪುಸ್ತಕ ತೆಗೆದುಕೊಟ್ಟರು. ಪ್ರವಾಸದ ಒಂದೊಂದು ವರ್ಷಕ್ಕೂ ಒಂದೊಂದು ಪುಟ. ಪ್ರತಿ ಪುಟದಲ್ಲೂ ಮೊದಲ ಏಳು ಹೆಸರು ಅವೇ, ಎದುರಿಗೆ ಹಾಜರಿಯ ಗುರುತು. "ಇನ್ನು ನೀವು ಕೂಗಿ. ನಿಮ್ಮ ಗಂಟಲು ದೊಡ್ಡದು," ಎಂದರು. ನನ್ನ ಕೈ ಹಿಡಿದಿದ್ದ ಅವರ ಬೆರಳಿನ ಉಗುರಿನಲ್ಲಿ ಹಿಟ್ಟಿರಲಿಲ್ಲ. ಅಷ್ಟು ಸ್ವಚ್ಛವಾದ ಉಗುರನ್ನು ನೋಡಿಯೇ ನನಗೆ ಗೊತ್ತಾಯಿತು. ಆ ವಾರವೇ ತೀರಿಕೊಂಡರು.

ಹೋದ ಡಿಸೆಂಬರಿನ ಎರಡನೇ ಶನಿವಾರ ನಾನೊಬ್ಬನೇ ಹೋದೆ. ಹಿಟ್ಟು ಅಕ್ಕಿಯದು, ಎರಡು ಸಲ ನೋಡಿ ಕಟ್ಟಿಕೊಂಡಿದ್ದೆ. ಅದೇ ಕಾವಲುಗಾರ, ಗುರುತು ಹಿಡಿದು ಸುಮ್ಮನೆ ಅತ್ತ ತಿರುಗಿಕೊಂಡ. ಎರಡನೇ ಮೆಟ್ಟಿಲ ಮುಂದೆ ಮಂಡಿಯೂರಿ ಉಜ್ಜಿದೆ. ನನ್ನ ಬೆರಳಿಗೆ ಅಭ್ಯಾಸವಿಲ್ಲ, ಬಹಳ ಹೊತ್ತು ಹಿಡಿಯಿತು. ನಾಲ್ಕು ಹೆಸರು ಎದ್ದವು.

ಅಷ್ಟರಲ್ಲಿ ಮೊದಲ ಗುಂಪು ಬಂತು. ಫೋನು ಎತ್ತಿ ಹಿಡಿದುಕೊಂಡು ಮೆಟ್ಟಿಲಿಗೆ ನುಗ್ಗಿದರು. ನಾನು ಎದ್ದು ನಿಂತು ಕೂಗಿದೆ: "ಸಾಲಾಗಿ ನಿಲ್ಲಿ!"

ನಿಂತರು. ಮೂವತ್ತು ನಲವತ್ತು ಜನ, ಹೆಂಗಸರು ಗಂಡಸರು, ನೆಟ್ಟಗೆ ಸಾಲಾಗಿ ನಿಂತುಬಿಟ್ಟರು. ಫೋಟೋಗೆ ಸಾಲು ಎಂದುಕೊಂಡಿರಬೇಕು. ನಾನು ಹೇಳಿದೆ: ಈ ಬಾವಿಯಲ್ಲಿ ಯಾವ ರಾಣಿಯೂ ಬೀಳಲಿಲ್ಲ. ಆ ಕಥೆ ಕಟ್ಟಿದವನು ನಾನು. ಇಲ್ಲಿ ಸತ್ತವರ ಹೆಸರು ಈ ಕಲ್ಲಿನ ಮೇಲಿದೆ. ಕೂಗುತ್ತೇನೆ, ಕೇಳಿ.

"ಅಂಕಲ್, ಸ್ವಲ್ಪ ಬೇಗ," ಎಂದ ಒಬ್ಬ. ಯಾರೋ ನಕ್ಕರು.

ಪುಸ್ತಕ ತೆರೆದು ಏಳು ಹೆಸರನ್ನೂ ಕೂಗಿದೆ. ಸಿಮೆಂಟಿನ ಕೆಳಗಿನ ನಿಂಗ, ತಿಮ್ಮ, ಕಾಳರನ್ನೂ ಬಿಡಲಿಲ್ಲ. ಯಾರೂ ಓಗೊಡಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ಅವರ ತಪ್ಪಲ್ಲ. ಏಳು ಸಲವೂ "ಹಾಜರ್ ಸಾರ್" ಎಂದು ನಾನೇ ಹೇಳಿದೆ. ನನ್ನ ದನಿ ಗೋಡೆಗೆ ಬಡಿದು ತಿರುಗಿ ಬಂತು.

ಪುಸ್ತಕ ಮುಚ್ಚಿದ ತಕ್ಷಣ ಸಾಲು ಒಡೆಯಿತು. ಎಲ್ಲರೂ ನನ್ನನ್ನು ದಾಟಿ ಮೆಟ್ಟಿಲು ಹತ್ತಿದರು. ಹತ್ತಿ ಹೋದವರ ಚಪ್ಪಲಿಯ ಗುರುತುಗಳು ಕಟ್ಟೆಯ ಮೇಲೆ ಬಿಳಿಯದಾಗಿ ಮೂಡಿದ್ದವು. ರಾಣಿಯ ಫಲಕದವರೆಗೂ ಹೋಗಿದ್ದವು. ಕಲ್ಲು ಮತ್ತೆ ಕಪ್ಪಾಗಿತ್ತು.

ನಾನು ಮಂಡಿಯೂರಿ ಪೊಟ್ಟಣ ಬಿಚ್ಚಿದೆ.